ಸಿಂಧೂ ತೀರದ ಮನುಷ್ಯ

ನಮ್ಮ ಕಛೇರಿಯಲ್ಲಿ ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರು ಮಂಗಳೂರಿನ ಕಡೆಯ ಕೆಥೊಲಿಕರು. ಟಿಪ್ಪಣಿ ಬರೆಯುವಾಗ ಯಾವ ಮಾತನ್ನು ಎಷ್ಟು ಬರೆಯಬೇಕು, ಯಾವುದನ್ನು ಬರೆಯದೆಯೇ ಮೇಲಿನವರಿಗೆ ಮುಟ್ಟಿಸಬೇಕು ಎಂಬ ವಿದ್ಯೆ ನನಗೆ ಬಂದದ್ದು ಅವರಿಂದ. ಕೆಲವು ವರ್ಷಗಳ ಹಿಂದೆ ನಮ್ಮ ತಂದೆ ತೀರಿಕೊಂಡರು. ನಾನು ಊರಿಗೆ ಹೋಗಿ, ಕರ್ಮಾಂತರಗಳನ್ನು ಮುಗಿಸಿ ಮುಂಬಯಿಗೆ ಮರಳುವ ವೇಳೆಗೆ ಈ ಹಿರಿಯರು ತಮ್ಮ ಇಗರ್ಜಿಯಲ್ಲಿ ನಮ್ಮ ತಂದೆಯ ಆತ್ಮಕ್ಕಾಗಿ ಒಂದು ಪೂಜೆ ಇಡಿಸಿದ್ದರು. ಇದನ್ನು ನನಗೆ ಅವರಾಗಿ ಹೇಳಲಿಲ್ಲ. ಇನ್ನೊಬ್ಬರ ಬಾಯಿಂದ ತಿಳಿಯಿತು.

ನಮ್ಮದು ಮಾಧ್ವರ ಮನೆ. ತಂದೆಯವರು ಮುದ್ರೆ, ಅಂಗಾರ, ಅಕ್ಷತೆ ತಪ್ಪಿಸಿದವರಲ್ಲ. ಏಕಾದಶಿಯ ದಿನ ತೊಟ್ಟು ನೀರನ್ನೂ ಮುಟ್ಟಿದವರಲ್ಲ. ಅಂಥವರ ಹೆಸರನ್ನು ಮುಂಬಯಿಯ ಉಪನಗರದ ಒಂದು ಇಗರ್ಜಿಯಲ್ಲಿ ಪಾದ್ರಿಗಳು ಓದಿದರೆಂದು ಕೇಳಿ ನನಗೆ ಕಣ್ಣಲ್ಲಿ ನೀರು ಬಂತು. ಜತೆಗೇ ಒಂದು ಸಂಶಯವೂ ಬಂತು. ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ಕೇಳಿಯೇಬಿಟ್ಟೆ: “ಸಾರ್, ತಪ್ಪು ತಿಳಿಯಬೇಡಿ. ನಿಮ್ಮ ಧರ್ಮದ ಲೆಕ್ಕದಲ್ಲಿ ನಮ್ಮ ತಂದೆ ಈಗ ಎಲ್ಲಿದ್ದಾರೆ?”

ಅವರು ಕೊಟ್ಟ ಉತ್ತರವನ್ನು ಮುಂದೆ ಹೇಳುತ್ತೇನೆ. ಆ ಪ್ರಶ್ನೆಯನ್ನು ನನಗಿಂತ ಏಳು ನೂರು ವರ್ಷ ಮೊದಲು, ನನಗಿಂತ ಬಹಳ ದೊಡ್ಡವನೊಬ್ಬ ಕೇಳಿದ್ದನೆಂದು ಆಗ ನನಗೆ ತಿಳಿದಿರಲಿಲ್ಲ. ತಿಳಿದದ್ದು ಈಚೆಗೆ, ನಮ್ಮ ಸಂಘದ ವಾಚನಾಲಯದಲ್ಲಿ ಡಾಂಟೆಯ ‘ಡಿವೈನ್ ಕಾಮೆಡಿ’ಯ ಮೂರು ಪೆಂಗ್ವಿನ್ ಸಂಪುಟಗಳು ಕೈಗೆ ಸಿಕ್ಕಾಗ. ಇಂಗ್ಲಿಷಿಗೆ ಅನುವಾದಿಸಿದಾಕೆ ಡೊರೊತಿ ಸೇಯರ್ಸ್, ಪತ್ತೇದಾರಿ ಕಾದಂಬರಿಗಳಿಂದ ಹೆಸರಾದ ಲೇಖಕಿ. ಮೂರನೆಯ ಸಂಪುಟ ಮುಗಿಯುವ ಮೊದಲೇ, 1957ರಲ್ಲಿ ಆಕೆ ತೀರಿಕೊಂಡದ್ದರಿಂದ ಬಾರ್ಬರಾ ರೆನಾಲ್ಡ್ಸ್ ಅದನ್ನು ಪೂರೈಸಿದರು. ನಾನು ಸಾಹಿತ್ಯ ಓದಿದವನಲ್ಲ, ಬಿ.ಎಸ್‌ಸಿ. ಮಾಡಿ ಕೇಂದ್ರ ಸರಕಾರದ ಕಡತ ಹೊರುವವನು. ಇಟಾಲಿಯನ್ ಭಾಷೆಯ ಗಂಧವೂ ನನಗಿಲ್ಲ. ಲೋಕಲ್ ಗಾಡಿಯಲ್ಲಿ ನಿಂತುಕೊಂಡೇ ಓದಿದ ಓದು ಇದು. ಬಲ್ಲವರು ತಿದ್ದಿದರೆ ಸಂತೋಷ.

ಕಥೆ ಹಲವರಿಗೆ ಗೊತ್ತಿದೆ. ಕ್ರಿ.ಶ. 1300ರ ಈಸ್ಟರ್ ಸಮಯದಲ್ಲಿ ಕವಿ ಡಾಂಟೆ ಕಾಡಿನಲ್ಲಿ ದಾರಿ ತಪ್ಪುತ್ತಾನೆ. ಅವನನ್ನು ನರಕದ ಮೂಲಕ, ಪಾಪಕ್ಷಾಳನದ ಬೆಟ್ಟದ ಮೂಲಕ ಕರೆದೊಯ್ಯುವವನು ರೋಮಿನ ಮಹಾಕವಿ ವರ್ಜಿಲ್. ಅಲ್ಲಿಂದಾಚೆಗೆ, ಸ್ವರ್ಗದಲ್ಲಿ, ದಾರಿ ತೋರಿಸುವವಳು ಬಿಯಾಟ್ರಿಸ್. ವರ್ಜಿಲನಿಗೆ ಸ್ವರ್ಗಕ್ಕೆ ಪ್ರವೇಶವಿಲ್ಲ. ಏಕೆಂದರೆ ಅವನು ಸತ್ತದ್ದು ಕ್ರಿ.ಪೂ. 19ರಲ್ಲಿ, ಅವನಿಗೆ ದೀಕ್ಷಾಸ್ನಾನವಾಗಿಲ್ಲ. ಕಟ್-ಆಫ್ ತಾರೀಖಿನ ಸಂಕಟ ಏನೆಂದು ನಮ್ಮ ಇಲಾಖೆಯವರಿಗೆ ವಿವರಿಸಬೇಕಾಗಿಲ್ಲ.

ಅವನಿರುವುದು ಲಿಂಬೊ ಎಂಬ ಮೊದಲ ಸುತ್ತಿನಲ್ಲಿ. ಅಲ್ಲಿ ಬೆಂಕಿಯಿಲ್ಲ, ಚಿತ್ರಹಿಂಸೆಯಿಲ್ಲ, ಬರೀ ನಿಟ್ಟುಸಿರು. ಏಳು ಸುತ್ತಿನ ಗೋಡೆಯ ಒಂದು ಕೋಟೆ, ಒಳಗೆ ಹಸಿರು ಹುಲ್ಲು. ಹೋಮರ್, ಹೊರೇಸ್, ಓವಿಡ್, ಲೂಕನ್, ಸಾಕ್ರೆಟಿಸ್, ಪ್ಲೇಟೊ, ಅರಿಸ್ಟಾಟಲ್ ಎಲ್ಲರೂ ಅಲ್ಲಿದ್ದಾರೆ. ಕ್ರಿಸ್ತನ ನಂತರ ಹುಟ್ಟಿದ ಮುಸಲ್ಮಾನರಲ್ಲಿಯೂ ಅವಿಸೆನ್ನ, ಅವೆರೋಸ್ ಎಂಬ ಪಂಡಿತರಿದ್ದಾರೆ. ಜೆರೂಸಲೆಮನ್ನು ಕ್ರೈಸ್ತರಿಂದ ಗೆದ್ದ ಸುಲ್ತಾನ ಸಲಾದಿನ್ ಒಬ್ಬನೇ ಒಂದು ಕಡೆ ನಿಂತಿದ್ದಾನೆ. ದೇವಶಾಸ್ತ್ರಿಗಳು ಅದುವರೆಗೆ ಲಿಂಬೊವನ್ನು ಕಾಯ್ದಿರಿಸಿದ್ದುದು ಹಳೆಯ ಒಡಂಬಡಿಕೆಯ ಪಿತೃಗಳಿಗೆ ಮತ್ತು ದೀಕ್ಷೆಯಿಲ್ಲದೆ ಸತ್ತ ಕೂಸುಗಳಿಗೆ. ಅಲ್ಲಿಗೆ ಕವಿಗಳನ್ನೂ ತತ್ತ್ವಜ್ಞಾನಿಗಳನ್ನೂ ತಂದು ಕೂಡಿಸಿದ್ದು ಡಾಂಟೆಯ ಸ್ವಂತ ಏರ್ಪಾಟು. ಈ ಔದಾರ್ಯಕ್ಕೆ ಮಿತಿಯೂ ಇದೆ: ಇಸ್ಲಾಂ ಧರ್ಮದ ಪ್ರವರ್ತಕರ ಬಗ್ಗೆ ಈತ ಬರೆದದ್ದು ಅತ್ಯಂತ ಅನುದಾರವಾದದ್ದು, ಅದನ್ನು ಇಲ್ಲಿ ಎತ್ತಲಾರೆ.

ಇದೇ ಲಿಂಬೊದಲ್ಲಿ ವರ್ಜಿಲ್ ಒಂದು ಸಂಗತಿ ಹೇಳುತ್ತಾನೆ. ತಾನು ಅಲ್ಲಿಗೆ ಬಂದ ಹೊಸತರಲ್ಲಿ ವಿಜಯದ ಕಿರೀಟ ಧರಿಸಿದ ಒಬ್ಬ ಮಹಾಬಲನು ಇಳಿದು ಬಂದು ಆದಾಮ, ನೋಹ, ಅಬ್ರಹಾಮ, ಮೋಶೆ, ದಾವೀದ ಮೊದಲಾದವರನ್ನು ಕರೆದುಕೊಂಡು ಹೋದನಂತೆ. ಆ ಮಹಾಬಲನ ಹೆಸರು ವರ್ಜಿಲನಿಗೆ ಗೊತ್ತಿಲ್ಲ, ಅಥವಾ ಅವನು ಹೇಳುವುದಿಲ್ಲ. ಬಾಗಿಲು ತೆರೆದದ್ದನ್ನು ಕಂಡಿದ್ದಾನೆ, ಪಕ್ಕದವರು ಎದ್ದು ಹೋದದ್ದನ್ನು ಕಂಡಿದ್ದಾನೆ, ತಾನು ಕುಳಿತಲ್ಲೇ ಕುಳಿತಿದ್ದಾನೆ. ದೂರಿಲ್ಲ, ಸಿಟ್ಟಿಲ್ಲ. ವರದಿ ಒಪ್ಪಿಸುವವನಂತೆ ಹೇಳಿ ಮುಂದಕ್ಕೆ ನಡೆಯುತ್ತಾನೆ. ಇಡೀ ನರಕಖಂಡದ ಬೆಂಕಿ, ಮಂಜುಗಳಿಗಿಂತ ಈ ಒಂದು ವರದಿ ನನ್ನನ್ನು ಹೆಚ್ಚು ಕಾಡಿತು.

ಆ ಕಾಲದ ಧರ್ಮಸಭೆಯ ನಿಲುವೇನೆಂದು ಸ್ವಲ್ಪ ನೋಡಬೇಕು. ಸಭೆಯ ಹೊರಗೆ ರಕ್ಷಣೆಯಿಲ್ಲ ಎಂಬ ಸೂತ್ರ ಕಾರ್ತೇಜಿನ ಬಿಷಪ್ ಸಿಪ್ರಿಯನನದು, ಕ್ರಿ.ಶ. ಮೂರನೆಯ ಶತಮಾನದ್ದು. ಅವನು ಅದನ್ನು ಹೇಳಿದ್ದು ಹಿಂದೂಗಳನ್ನೋ ಬೌದ್ಧರನ್ನೋ ಕುರಿತಲ್ಲ. ಒಳಗಿದ್ದು ಒಡೆದು ಹೋಗುತ್ತಿದ್ದ ತನ್ನವರನ್ನೇ ಕುರಿತು. ಆದರೆ ಒಂದು ಸುತ್ತೋಲೆ ಯಾರಿಗಾಗಿ ಹೊರಟಿತೆಂಬುದನ್ನು ಮರೆತು ಎಲ್ಲರಿಗೂ ಅನ್ವಯಿಸುವುದು ನಮ್ಮ ಕಛೇರಿಗಳಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ. 1302ರಲ್ಲಿ ಎಂಟನೆಯ ಬೊನಿಫೇಸ್ ಪೋಪ್, ರೋಮಿನ ಗುರುಪೀಠಕ್ಕೆ ಅಧೀನನಾಗುವುದು ಪ್ರತಿಯೊಬ್ಬನ ರಕ್ಷಣೆಗೂ ಅಗತ್ಯವೆಂದು ಸಾರಿದ. 1442ರಲ್ಲಿ ಫ್ಲಾರೆನ್ಸ್ ಮಹಾಸಭೆಯ ಶಾಸನ ಯೆಹೂದ್ಯರನ್ನೂ ಅನ್ಯಧರ್ಮೀಯರನ್ನೂ ಒಡಕಿನವರನ್ನೂ ಒಟ್ಟಿಗೆ ನಿತ್ಯಾಗ್ನಿಗೆ ಬರೆದುಕೊಟ್ಟಿತು. ಇಲ್ಲೊಂದು ತಮಾಷೆಯಿದೆ. ಇದೇ ಬೊನಿಫೇಸನಿಗೆ ಡಾಂಟೆ ನರಕದಲ್ಲಿ ಒಂದು ಕುಳಿಯನ್ನು ಮುಂಗಡವಾಗಿ ಕಾಯ್ದಿರಿಸಿದ್ದಾನೆ! ಪೋಪನೇ ಹೊರಗೆ ಬಿದ್ದ ಮೇಲೆ ಸಭೆಯ ‘ಒಳಗೆ’ ಎಂದರೆ ಏನರ್ಥ ಎಂಬ ಪ್ರಶ್ನೆ ಕಾವ್ಯದಲ್ಲಿ ತಾನಾಗಿ ಏಳುತ್ತದೆ.

ಈಗ ಸ್ವರ್ಗಖಂಡದ ಹತ್ತೊಂಬತ್ತನೆಯ ಸರ್ಗ. ಗುರುಗ್ರಹದ ಮಂಡಲದಲ್ಲಿ ನ್ಯಾಯವಂತ ರಾಜರ ಆತ್ಮಗಳು ಸೇರಿ ಒಂದು ಹದ್ದಿನ ಆಕಾರ ತಾಳಿವೆ. ಎಲ್ಲರೂ ಸೇರಿ ಒಂದೇ ಕೊರಳಿನಿಂದ ಮಾತಾಡುತ್ತಾರೆ. ಡಾಂಟೆಯ ಮನಸ್ಸಿನಲ್ಲಿ ಬಹುಕಾಲದಿಂದ ಕೊರೆಯುತ್ತಿದ್ದ ಪ್ರಶ್ನೆಯನ್ನು ಹದ್ದು ತಾನೇ ಬಾಯಿಬಿಟ್ಟು ಹೇಳುತ್ತದೆ. ಸಿಂಧೂ ನದಿಯ ದಡದಲ್ಲಿ ಒಬ್ಬ ಹುಟ್ಟುತ್ತಾನೆ. ಕ್ರಿಸ್ತನ ಬಗ್ಗೆ ಅಲ್ಲಿ ಹೇಳುವವರಿಲ್ಲ, ಓದುವವರಿಲ್ಲ, ಬರೆಯುವವರಿಲ್ಲ. ಅವನ ಬಯಕೆಗಳೂ ಕೆಲಸಗಳೂ ಮನುಷ್ಯಬುದ್ಧಿಗೆ ನಿಲುಕುವ ಮಟ್ಟಿಗೆ ಒಳ್ಳೆಯವು. ನಡೆಯಲ್ಲಿ ನುಡಿಯಲ್ಲಿ ಪಾಪವಿಲ್ಲ. ಅವನು ದೀಕ್ಷೆಯಿಲ್ಲದೆ ಸಾಯುತ್ತಾನೆ. ಅವನನ್ನು ದಂಡಿಸುವ ನ್ಯಾಯ ಎಲ್ಲಿಯದು? ಅವನ ತಪ್ಪೇನು?

ಲೋಕಲ್ ಗಾಡಿಯಲ್ಲಿ ಇದನ್ನು ಓದಿ ನಾನು ಇಳಿಯಬೇಕಾದ ನಿಲ್ದಾಣವನ್ನು ದಾಟಿ ಹೋದೆ. ಹೊಯ್ಸಳ ಮೂರನೆಯ ಬಲ್ಲಾಳ ದ್ವಾರಸಮುದ್ರದಲ್ಲಿ ಆಳುತ್ತಿದ್ದ ಕಾಲಕ್ಕೆ, ನಮ್ಮ ದೇಶವನ್ನು ಕಣ್ಣಿಂದ ಕಾಣದ ಇಟಲಿಯ ಕವಿ ನಮ್ಮವನೊಬ್ಬನ ಪರವಾಗಿ ಸ್ವರ್ಗದಲ್ಲಿಯೇ ಅರ್ಜಿ ಹಾಕಿದ್ದಾನೆ! ಸಿಂಧೂ ಎಂದರೆ ಅವನಿಗೆ ಲೋಕದ ಪೂರ್ವದಂಚು, ಅಷ್ಟೆ. ಕೇರಳದಲ್ಲಿ ಆ ಹೊತ್ತಿಗಾಗಲೇ ಶತಮಾನಗಳಿಂದ ಕ್ರೈಸ್ತರಿದ್ದರೆಂಬುದಕ್ಕೆ ಒಂಬತ್ತನೆಯ ಶತಮಾನದ ಕೊಲ್ಲಂ ತಾಮ್ರಪಟವೇ ಸಾಕ್ಷಿ. ಅದು ಅವನಿಗೆ ತಿಳಿಯದು. ತಿಳಿದಿದ್ದರೂ ಪ್ರಶ್ನೆ ಬೀಳುತ್ತಿರಲಿಲ್ಲ.

ಹದ್ದಿನ ಉತ್ತರವಾದರೋ ನಿರಾಶೆಗೊಳಿಸುತ್ತದೆ. ಗೇಣುದ್ದದ ದೃಷ್ಟಿಯಿಟ್ಟುಕೊಂಡು ಸಾವಿರ ಮೈಲಿಯಾಚೆಯದನ್ನು ತೀರ್ಪು ಮಾಡಲು ಪೀಠವೇರಿದ ನೀನು ಯಾರು ಎಂದು ಅದು ಗದರಿಸುತ್ತದೆ. ಪ್ರಶ್ನೆ ಕೇಳಿದವನ ಯೋಗ್ಯತೆಯನ್ನೇ ಪ್ರಶ್ನಿಸುವ ಈ ವಿಧಾನ ಮೇಲಧಿಕಾರಿಗಳಿಗೆ ಪ್ರಿಯವಾದದ್ದು. ಕ್ರಿಸ್ತನನ್ನು, ಅವನು ಬರುವ ಮೊದಲಾಗಲಿ ಬಂದ ಮೇಲಾಗಲಿ, ನಂಬದವನು ಈ ಲೋಕಕ್ಕೆ ಏರಿದ್ದಿಲ್ಲ ಎಂದು ನಿಯಮವನ್ನೂ ಓದಿ ಹೇಳುತ್ತದೆ. ಆದರೆ ಅದೇ ಉಸಿರಿನಲ್ಲಿ ಇನ್ನೊಂದು ಮಾತು: ಕ್ರಿಸ್ತ ಕ್ರಿಸ್ತ ಎಂದು ಕೂಗುವ ಎಷ್ಟೋ ಮಂದಿ ಕಡೆಯ ದಿನ ಕ್ರಿಸ್ತನನ್ನು ಅರಿಯದವನಿಗಿಂತ ದೂರದಲ್ಲಿರುತ್ತಾರೆ, ಇಥಿಯೋಪಿಯದವನು ಅವರಿಗೆ ಛೀಮಾರಿ ಹಾಕುತ್ತಾನೆ. ಆ ಮೇಲೆ ಯೂರೋಪಿನ ಕ್ರೈಸ್ತ ರಾಜರ ಅಕೃತ್ಯಗಳ ಪಟ್ಟಿ ಸಾಗುತ್ತದೆ. ನಿಯಮವನ್ನು ಸಡಿಲಿಸದೆ ನಿಯಮದ ಮಾನ ತೆಗೆಯುವ ಬಗೆ ಇದು.

ಮುಂದಿನ ಸರ್ಗದಲ್ಲಿ ಹದ್ದಿನ ಕಣ್ಣಿನ ಸುತ್ತ ಹೊಳೆಯುವ ಆತ್ಮಗಳಲ್ಲಿ ಇಬ್ಬರು ಅನ್ಯಧರ್ಮೀಯರು ಕಾಣುತ್ತಾರೆ. ಒಬ್ಬ ರೋಮಿನ ಚಕ್ರವರ್ತಿ ಟ್ರಾಜನ್. ಅವನಿಗಾಗಿ ಪೋಪ್ ಗ್ರೆಗರಿ ಪ್ರಾರ್ಥಿಸಲಾಗಿ, ಸತ್ತವನು ಮರಳಿ ಜೀವ ಪಡೆದು, ನಂಬಿ, ಮತ್ತೆ ಸತ್ತು ಸ್ವರ್ಗ ಸೇರಿದನೆಂಬುದು ಮಧ್ಯಯುಗದ ಐತಿಹ್ಯ. ಇನ್ನೊಬ್ಬ ಟ್ರಾಯ್ ನಗರದ ರಿಫಿಯಸ್. ಇವನು ಯಾರೆಂದು ಹುಡುಕಿದರೆ, ವರ್ಜಿಲನ ‘ಈನೀಡ್’ ಕಾವ್ಯದ ಎರಡನೆಯ ಪರ್ವದಲ್ಲಿ, ಟ್ರಾಯ್ ಉರಿಯುವ ರಾತ್ರಿ ಸತ್ತು ಬೀಳುವ ಒಂದು ಪಾತ್ರ. ನ್ಯಾಯವಂತನೆಂದು ವರ್ಜಿಲ್ ಹೊಗಳಿ ಎರಡು ಮೂರು ಸಾಲಿನಲ್ಲಿ ಮುಗಿಸಿದವನು. ಇವನಿಗೆ ದೇವರು ಮುಂದಾಗಲಿರುವ ವಿಮೋಚನೆಯನ್ನು ಮೊದಲೇ ತೋರಿಸಿದನಂತೆ. ವಿಶ್ವಾಸ, ಭರವಸೆ, ಪ್ರೀತಿ ಎಂಬ ಮೂವರು ದೇವಿಯರೇ, ದೀಕ್ಷಾಸ್ನಾನ ಹುಟ್ಟುವ ಸಾವಿರ ವರ್ಷಕ್ಕೂ ಮೊದಲು, ಅವನಿಗೆ ದೀಕ್ಷೆಯಾದರಂತೆ.

ಬೆರಗು ಇಲ್ಲಿದೆ. ವರ್ಜಿಲ್ ತನ್ನ ಕೈಯಾರೆ ಸೃಷ್ಟಿಸಿದ, ಎರಡು ಸಾಲಿನ ಪಾತ್ರ ಸ್ವರ್ಗದಲ್ಲಿದೆ; ಸೃಷ್ಟಿಸಿದ ಕವಿ ಲಿಂಬೊದಲ್ಲಿದ್ದಾನೆ. ಸ್ಟೇಶಿಯಸ್ ಎಂಬ ಇನ್ನೊಬ್ಬ ರೋಮನ್ ಕವಿ, ತಾನು ಕ್ರೈಸ್ತನಾದದ್ದೇ ವರ್ಜಿಲನ ಕವನ ಓದಿ ಎಂದು ಬೆಟ್ಟದ ಮೇಲೆ ಅವನೆದುರಿಗೇ ಒಪ್ಪಿಕೊಳ್ಳುತ್ತಾನೆ. ರಾತ್ರಿಯಲ್ಲಿ ದೀಪವನ್ನು ಬೆನ್ನ ಹಿಂದೆ ಹಿಡಿದು ನಡೆದವನಿಗೆ ಅವನನ್ನು ಹೋಲಿಸುತ್ತಾನೆ. ಆ ಸ್ಟೇಶಿಯಸನೂ ಮೇಲಕ್ಕೆ ಹೋಗುತ್ತಾನೆ. ರಿಫಿಯಸನಿಗೆ ಸಿಕ್ಕ ವಿಶೇಷ ಮಂಜೂರಾತಿ ಹದಿಮೂರು ಶತಮಾನ ಮನೆಮನೆಯಲ್ಲಿ ಓದಿಸಿಕೊಂಡ ಕವಿಗೆ ಏಕಿಲ್ಲ? ಕಡತದಲ್ಲಿ ಉತ್ತರವಿಲ್ಲ. ಇಂಥ ಆದೇಶಗಳ ಕೊನೆಗೆ ನಾವೂ ಟೈಪ್ ಮಾಡುತ್ತೇವಲ್ಲ, ‘ಇದನ್ನು ಪೂರ್ವೋದಾಹರಣೆಯಾಗಿ ಪರಿಗಣಿಸತಕ್ಕದ್ದಲ್ಲ’ ಎಂದು.

ರಿಫಿಯಸನ ಪ್ರವೇಶದಿಂದ ಸಿಂಧೂ ತೀರದವನ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಹೇಳುವ ವ್ಯಾಖ್ಯಾನಗಳಿವೆ. ನನಗೆ ಒಪ್ಪಿಗೆಯಾಗದು. ರಿಫಿಯಸ್ ಸ್ವರ್ಗಕ್ಕೆ ಹೋದದ್ದು ಅನ್ಯಧರ್ಮೀಯನಾಗಿ ಅಲ್ಲ. ಗುಟ್ಟಾಗಿ, ಮುಂಚಿತವಾಗಿ ಕ್ರೈಸ್ತನಾಗಿ. ತನ್ನ ಜನರ ಧರ್ಮದ ದುರ್ನಾತವನ್ನು ಸಹಿಸದೆ ಅವರನ್ನು ಬೈಯುತ್ತಿದ್ದನೆಂದೂ ಹದ್ದು ಪ್ರಶಂಸಿಸುತ್ತದೆ. ಸಿಂಧೂ ತೀರದವನು ಯಾರನ್ನೂ ಬೈದಿಲ್ಲ, ತನ್ನ ಪಾಡಿಗೆ ಒಳ್ಳೆಯವನಾಗಿದ್ದ. ಅವನ ಅರ್ಜಿ ಇನ್ನೂ ಬಾಕಿಯಿದೆ.

ಆರು ಶತಮಾನ ದಾಟಿ ಬಂದರೆ ಕೆಥೊಲಿಕ್ ಧರ್ಮಸಭೆಯೇ ಆ ಅರ್ಜಿಯನ್ನು ಮತ್ತೆ ತೆರೆದದ್ದು ಕಾಣುತ್ತದೆ. 1964ರ ನವೆಂಬರ್ 21ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಒಪ್ಪಿದ ಶಾಸನದಲ್ಲಿ, ತನ್ನ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದೆ, ಪ್ರಾಮಾಣಿಕವಾಗಿ ದೇವರನ್ನು ಅರಸಿ ಅಂತಃಸಾಕ್ಷಿಯಂತೆ ನಡೆಯುವವನೂ ದೈವಕೃಪೆಯಿಂದ ರಕ್ಷಣೆ ಹೊಂದಬಲ್ಲನೆಂಬ ಮಾತಿದೆ. ಅದಾದ ಎರಡು ವಾರದೊಳಗೆ ಪೋಪ್ ಆರನೆಯ ಪೌಲ್ ಮುಂಬಯಿಗೇ ಬಂದರು. ಅನ್ಯಧರ್ಮೀಯರ ಸಭೆಯಲ್ಲಿ ಬೃಹದಾರಣ್ಯಕ ಉಪನಿಷತ್ತಿನ ಪ್ರಾರ್ಥನೆಯನ್ನು ಉದ್ಧರಿಸಿ ಮಾತಾಡಿದರು. ನಮ್ಮ ಸಂಘದ ಹಿರಿಯ ಸದಸ್ಯರಲ್ಲಿ ಕೆಲವರಿಗಾದರೂ ಆ ದಿನಗಳ ಜನಸಂದಣಿಯ ನೆನಪಿರಬಹುದು. 1965ರ ಅಕ್ಟೋಬರಿನಲ್ಲಿ ಹೊರಟ ಇನ್ನೊಂದು ಘೋಷಣೆ, ಹಿಂದೂ ಬೌದ್ಧ ಮೊದಲಾದ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಸಭೆ ತಿರಸ್ಕರಿಸುವುದಿಲ್ಲವೆಂದು ಸಾರಿತು. ಮುಂದೆ 2000ದಲ್ಲಿ ಇನ್ನೊಂದು ಘೋಷಣೆ ಬಂದು, ಅನ್ಯಧರ್ಮೀಯರಿಗೂ ಕೃಪೆ ಸಲ್ಲಬಹುದಾದರೂ ಅವರ ಸ್ಥಿತಿ ಗಂಭೀರ ಕೊರತೆಯದೆಂದು ಸ್ವಲ್ಪ ಬಿಗಿಮಾಡಿದ್ದೂ ಉಂಟು.

ಈ ತಿರುವಿನ ಹಿಂದಿದ್ದ ದೊಡ್ಡ ತಲೆಗಳಲ್ಲಿ ಜರ್ಮನ್ ಜೆಸುಯಿಟ್ ಕಾರ್ಲ್ ರಾನರ್ ಒಬ್ಬರು. ತನ್ನ ಧರ್ಮದಲ್ಲಿಯೇ ಇದ್ದು ದೇವರ ಕೃಪೆಗೆ ಒಳಗೊಳಗೇ ಓಗೊಟ್ಟವನನ್ನು ಅವರು ‘ಅನಾಮಧೇಯ ಕ್ರೈಸ್ತ’ ಎಂದು ಕರೆದರು. ಇವನು ತನ್ನವರನ್ನು ಬೈಯಬೇಕಾಗಿಲ್ಲ, ಗುಟ್ಟಿನ ದರ್ಶನವೂ ಬೇಕಿಲ್ಲ; ರಿಫಿಯಸನಿಗಿಂತ ಬಹಳ ದೂರ ಬಂದಂತಾಯಿತು. ಆದರೂ ಹೆಸರು ಮಾತ್ರ ಅವರದ್ದೇ. ಜಪಾನಿನ ತತ್ತ್ವಜ್ಞಾನಿ ನಿಶಿತಾನಿ ಒಮ್ಮೆ ರಾನರರನ್ನೇ ಕೇಳಿದರಂತೆ: ನಾನು ನಿಮ್ಮನ್ನು ಅನಾಮಧೇಯ ಝೆನ್ ಬೌದ್ಧ ಎಂದು ಕರೆದರೆ? ಧಾರಾಳವಾಗಿ ಕರೆಯಿರಿ, ನನಗದು ಗೌರವವೇ ಎಂದರು ರಾನರ್. ದೊಡ್ಡವರು ದೊಡ್ಡವರಂತೆ ಮಾತಾಡಿದರು. ನನಗಾದರೋ, ನಮ್ಮ ತಂದೆಯನ್ನು ಅನಾಮಧೇಯ ಕ್ರೈಸ್ತರೆಂದರೆ ಅವರು ಸ್ನಾನ ಮಾಡಿ ಮತ್ತೊಮ್ಮೆ ಮುದ್ರೆ ಹಚ್ಚಿಕೊಳ್ಳುತ್ತಿದ್ದರೇನೋ ಅನ್ನಿಸುತ್ತದೆ.

ಇಂಗ್ಲೆಂಡಿನ ಜಾನ್ ಹಿಕ್ 1973ರ ತಮ್ಮ ಗ್ರಂಥದಲ್ಲಿ ಇಂಥ ಹೊಂದಾಣಿಕೆಗಳನ್ನು ಟಾಲೆಮಿಯ ಉಪವೃತ್ತಗಳಿಗೆ ಹೋಲಿಸಿದರು. ಭೂಮಿಯೇ ಕೇಂದ್ರವೆಂಬ ಸಿದ್ಧಾಂತಕ್ಕೆ ಗ್ರಹಗಳ ಚಲನೆ ಒಗ್ಗದಾಗ ವೃತ್ತದ ಮೇಲೆ ವೃತ್ತ ಸೇರಿಸುತ್ತ ಹೋದಂತೆ ಇದು. ಕೊಪರ್ನಿಕಸನಂತೆ ಕೇಂದ್ರವನ್ನೇ ಬದಲಿಸಿ ದೇವರನ್ನು ನಡುವೆ ಇಡಬೇಕು, ಕ್ರೈಸ್ತಧರ್ಮವೂ ಸುತ್ತುವ ಗ್ರಹಗಳಲ್ಲೊಂದು ಎಂಬುದು ಅವರ ವಾದ. ಡಾಂಟೆಯ ಸ್ವರ್ಗವೇ ಟಾಲೆಮಿಯ ನಕ್ಷೆಯ ಮೇಲೆ ಕಟ್ಟಿದ್ದೆಂಬುದನ್ನು ನೆನೆದರೆ ಹೋಲಿಕೆ ಸೊಗಸಾಗಿದೆ. ಆದರೆ ಬಿ.ಎಸ್‌ಸಿ. ಓದಿದ ತಪ್ಪಿಗೆ ಒಂದು ಮಾತು: ಕೊಪರ್ನಿಕಸನೂ ಉಪವೃತ್ತಗಳನ್ನು ಬಿಟ್ಟಿರಲಿಲ್ಲ, ಅವು ತೊಲಗಿದ್ದು 1609ರಲ್ಲಿ ಕೆಪ್ಲರ್ ದೀರ್ಘವೃತ್ತ ತಂದ ಮೇಲೆ. ಅಲ್ಲದೆ, ಸೂರ್ಯನ ಸುತ್ತ ಎಲ್ಲ ಧರ್ಮಗಳೂ ಸುತ್ತುವುದನ್ನು ನೋಡಲು ಹಿಕ್ ಮಹಾಶಯರು ಯಾವ ಗ್ರಹದ ಮೇಲೆ ನಿಂತಿದ್ದಾರೆ?

ಈ ಎಲ್ಲರಿಗಿಂತ ನನಗೆ ಹತ್ತಿರವೆನಿಸಿದವರು ನಮ್ಮ ಕಾರ್ಕಳದವರು. ಸ್ಟ್ಯಾನ್ಲಿ ಸಮರ್ಥ 1920ರಲ್ಲಿ ಕಾರ್ಕಳದಲ್ಲಿ ಹುಟ್ಟಿ, ಮಂಗಳೂರಿನ ದೇವಶಾಸ್ತ್ರ ಕಾಲೇಜಿನಲ್ಲಿ ಪಾಠ ಹೇಳಿ, ಜಿನೀವಾದ ವಿಶ್ವ ಚರ್ಚುಗಳ ಮಂಡಲಿಯಲ್ಲಿ ಅನ್ಯಧರ್ಮೀಯರೊಡನೆ ಸಂವಾದ ನಡೆಸುವ ವಿಭಾಗಕ್ಕೆ 1971ರಿಂದ ಸುಮಾರು ಹತ್ತು ವರ್ಷ ಮೊದಲ ನಿರ್ದೇಶಕರಾಗಿದ್ದರು, 2001ರಲ್ಲಿ ತೀರಿಕೊಂಡರು. ಬಸದಿ, ದೇವಸ್ಥಾನ, ಮಸೀದಿ, ಇಗರ್ಜಿ ಒಂದರ ನೆರಳು ಒಂದರ ಮೇಲೆ ಬೀಳುವ ಊರಿನಿಂದ ಹೋದವರಿಗೆ ‘ಅನ್ಯಧರ್ಮೀಯ’ ಎಂಬುದು ಪುಸ್ತಕದ ಪಾರಿಭಾಷಿಕ ಪದವಾಗಿರಲಾರದು. ಅವರು ಬರೆಯುವುದು ಅನ್ಯಧರ್ಮದ ‘ನೆರೆಯವರು’ ಎಂದು. ನೆರೆಯವನು ಸತ್ತ ಮೇಲೆ ಎಲ್ಲಿಗೆ ಹೋಗುತ್ತಾನೆಂಬುದನ್ನು ತೀರ್ಮಾನಿಸುವ ಮೊದಲು ಅವನು ಬದುಕಿರುವಾಗ ಅವನ ಮಾತು ಕೇಳು ಎಂಬುದು ಅವರ ಧೋರಣೆಯೆಂದು ನಾನು ತಿಳಿದಿದ್ದೇನೆ.

ಡಾಂಟೆಯ ಮೇಲೆ ನನ್ನ ಮುಖ್ಯ ಆಕ್ಷೇಪಣೆಯೂ ಇದೇ. ಸಿಂಧೂ ತೀರದ ಮನುಷ್ಯ ಕಾವ್ಯದಲ್ಲಿ ಬಾಯಿ ಬಿಡುವುದೇ ಇಲ್ಲ. ನರಕದ ಕಳ್ಳರೂ ಕೊಲೆಗಡುಕರೂ ಪುಟಗಟ್ಟಲೆ ಮಾತಾಡುತ್ತಾರೆ. ಇವನಿಗೆ ಹೆಸರಿಲ್ಲ, ಮುಖವಿಲ್ಲ. ನಿನಗೆ ಈ ಸ್ವರ್ಗ ಬೇಕೆ ಎಂದು ಯಾರೂ ಕೇಳುವುದಿಲ್ಲ. ಕನ್ನಡ ಬೈಬಲ್ಲಿನಲ್ಲಿ ‘ರಕ್ಷಣೆ’ ಎಂದಿರುವುದೂ ನಾವು ‘ಮುಕ್ತಿ’ ಎನ್ನುವುದೂ ಒಂದೇ ಅಲ್ಲ. ಒಂದು ಮುಳುಗುವವನನ್ನು ಮೇಲಕ್ಕೆತ್ತುವುದು, ಇನ್ನೊಂದು ಕಟ್ಟು ಬಿಚ್ಚುವುದು. ಅವನು ಕೇಳಿದ್ದು ಎರಡನೆಯದಾಗಿದ್ದರೆ ಮೊದಲನೆಯದನ್ನು ಕೊಡಲಿಲ್ಲವೆಂದು ಇಷ್ಟೆಲ್ಲ ಚರ್ಚೆ ಏತಕ್ಕೆ?

ಹೀಗೆಂದು ನಾವು ಮೀಸೆ ತಿರುವುವ ಹಾಗೂ ಇಲ್ಲ. ನಮ್ಮ ಮನೆಯ ಸಿದ್ಧಾಂತದಲ್ಲಿಯೇ ಜೀವರು ಮೂರು ಬಗೆ: ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು. ಕಡೆಯವರಿಗೆ ಅಂಧಂತಮಸ್ಸು, ಅಲ್ಲಿಂದ ಮರಳುವುದಿಲ್ಲ. ಡಾಂಟೆಯ ನರಕದಲ್ಲಿರುವವರು ತಮ್ಮ ಕೃತ್ಯಗಳಿಂದ ಅಲ್ಲಿಗೆ ಬಂದವರು. ನಮ್ಮಲ್ಲಿಯಾದರೋ ಯೋಗ್ಯತೆ ಸ್ವಭಾವದಿಂದಲೇ ಬಂದದ್ದು. ಚಿಕ್ಕಂದಿನಲ್ಲಿ ಪಾಠ ಹೇಳುತ್ತಿದ್ದ ಆಚಾರ್ಯರನ್ನು, ನಮ್ಮ ಓಣಿಯ ಬಡಿಗೇರ ಅಜ್ಜ ಯಾವ ಗುಂಪಿನವನೆಂದು ಕೇಳಿ ಬೈಸಿಕೊಂಡಿದ್ದೆ. ಹದ್ದು ಹೇಳಿದ್ದನ್ನೇ ಅವರೂ ಹೇಳಿದ್ದರು: ಅದನ್ನು ಕೇಳಲು ನೀನು ಯಾರು?

ಮಹಾಭಾರತದ ಕಡೆಯ ಪರ್ವದ ನೆನಪು ಇಲ್ಲಿ ಬಂದೇ ಬರುತ್ತದೆ. ಧರ್ಮರಾಯ ಸ್ವರ್ಗದಲ್ಲಿ ದುರ್ಯೋಧನನನ್ನು ಕಂಡು, ನರಕದಲ್ಲಿ ತಮ್ಮಂದಿರ ದನಿ ಕೇಳಿ, ದೇವದೂತನನ್ನು ಹಿಂದಕ್ಕೆ ಕಳಿಸಿ ತಾನು ಅಲ್ಲೇ ನಿಂತುಬಿಡುತ್ತಾನೆ. ಡಾಂಟೆ ನಿಲ್ಲುವುದಿಲ್ಲ. ಬೆಟ್ಟದ ನೆತ್ತಿಯಲ್ಲಿ ಬಿಯಾಟ್ರಿಸ್ ಕಾಣಿಸಿಕೊಂಡಾಗ, ತಾಯಿಯ ಕಡೆಗೆ ಓಡುವ ಮಗುವಿನಂತೆ ಅವನು ವರ್ಜಿಲನ ಕಡೆಗೆ ತಿರುಗುತ್ತಾನೆ, ವರ್ಜಿಲ್ ಇಲ್ಲ. ಅತ್ತು, ಗದರಿಸಿಕೊಂಡು, ಮುಂದಕ್ಕೆ ಹೋಗುತ್ತಾನೆ. ಧರ್ಮರಾಯನಿಗೆ ಅದು ಪರೀಕ್ಷೆಯಾಗಿತ್ತು, ಕ್ಷಣದಲ್ಲಿ ನರಕ ಮಾಯವಾಯಿತು. ಡಾಂಟೆಗೆ ಅಂಥ ರಿಯಾಯಿತಿ ಇಲ್ಲ. ವರ್ಜಿಲನನ್ನು ಸ್ವರ್ಗಕ್ಕೆ ಸೇರಿಸುವುದು ಕವಿಯ ಲೇಖನಿಯಲ್ಲೇ ಇತ್ತು, ರಿಫಿಯಸನನ್ನು ಸೇರಿಸಿದ ಲೇಖನಿಯದು. ಸೇರಿಸಲಿಲ್ಲ. ನಂಬಿದ ನಿಯಮಕ್ಕೆ ಕೈಕಟ್ಟಿ ನಿಂತ, ಆದರೆ ಅದರಿಂದಾದ ನೋವನ್ನು ಮುಚ್ಚಿಡಲಿಲ್ಲ. ನೂರು ಸರ್ಗಗಳಲ್ಲಿ ನನಗೆ ಅತ್ಯಂತ ನಿಜವೆಂದು ಕಂಡದ್ದು ಆ ಅಳು.

ಅಂದು ನಮ್ಮ ಹಿರಿಯರು ಡಬ್ಬಿಯ ಮುಚ್ಚಳವನ್ನು ಕೈಯಲ್ಲಿ ಹಿಡಿದುಕೊಂಡೇ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: “ಗೊತ್ತಿಲ್ಲ ಮಾರಾಯ್ರೆ. ಗೊತ್ತಿದ್ದಿದ್ರೆ ಪೂಜೆ ಯಾಕೆ ಇಡಿಸ್ತಿದ್ದೆ?”

ಅವರು ಈಗ ನಿವೃತ್ತರಾಗಿ ಊರಿನಲ್ಲಿದ್ದಾರೆ. ಸೇಯರ್ಸಳ ಮೂರೂ ಸಂಪುಟಗಳನ್ನು ವಾಚನಾಲಯಕ್ಕೆ ಹಿಂತಿರುಗಿಸಿದ್ದೇನೆ. ಮೂರನೆಯದರ ರಟ್ಟು ಮೊದಲೇ ಬಿಟ್ಟುಕೊಂಡಿತ್ತು, ನಾನು ಅಂಟಿಸಿದ್ದೇನೆ. ಓದುವವರು ಸ್ವಲ್ಪ ಜೋಪಾನವಾಗಿ ತೆರೆಯಬೇಕು.